ಪಿಕಪ್ ಗಾಡಿಯ ನೀರು ಎಲ್ಲಿಗೆ ಹೋಗುತ್ತದೆ?

ಬೀಜ, ಗೊಬ್ಬರದ ವಿಷಯ ಹೇಳಬೇಕಾದವನು ಈ ದಿನ ಮೋಟಾರು ಗಾಡಿಯ ಮಾತೆತ್ತಿದನಲ್ಲಾ ಎಂದು ನಿಮಗೆ ಅನ್ನಿಸೀತು. ಆದರೆ ಕೋಲಾರದ ಕಡೆ ಟೊಮೆಟೊ ಬೆಳೆಯುವ ಎಷ್ಟೋ ಮನೆಗಳಲ್ಲಿ ಎತ್ತಿನ ಗಾಡಿಯ ಜಾಗವನ್ನು ಈಗ ಡೀಸೆಲ್ ಪಿಕಪ್ ಹಿಡಿದಿದೆ. ಬೆಳೆ ಎಷ್ಟೇ ಚೆನ್ನಾಗಿ ಬಂದಿರಲಿ, ಹೊತ್ತಿಗೆ ಸರಿಯಾಗಿ ಮಂಡಿ ಮುಟ್ಟದಿದ್ದರೆ ಪಟ್ಟ ಶ್ರಮವೆಲ್ಲ ದಂಡವೇ ಸರಿ.

ಒಂದು ಬೇಸಿಗೆಯಲ್ಲಿ ನಾನು ಹೊಲ ನೋಡಲು ಹೋಗಿದ್ದಾಗ, ಒಬ್ಬ ರೈತರು ಬೆಳಿಗ್ಗೆ ತಮ್ಮ ಗಾಡಿಗೆ ಒಂದು ಬಾಟ್ಲಿ ಬೋರ್‌ವೆಲ್ ನೀರು ಸುರಿಯುತ್ತಿದ್ದರು. “ದಿನಾ ಹಾಕ್ತೀರಾ?” ಅಂದೆ. “ಎರಡು ತಿಂಗಳಿಂದ ದಿನಾ ಒಂದು ಬಾಟ್ಲಿ ಕುಡೀತೈತೆ ಸ್ವಾಮಿ. ನೀರಿಗೇನು ಕಾಸು ಕೊಡ್ಬೇಕಾ?” ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ಮೂರು ವಾರ ಕಳೆದ ಮೇಲೆ, ಟೊಮೆಟೊ ಲೋಡು ಹೊತ್ತು ಹೋಗುವಾಗ ದಾರಿಯಲ್ಲೇ ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು. ಹೆಡ್ಡು ಸೊಟ್ಟಗಾಗಿತ್ತು, ಪಿಸ್ಟನ್ನು ಗೀರು ಬಿದ್ದಿತ್ತು. ಗಾಡಿಯ ಸಾಲದ ಕಂತು ಇನ್ನೂ ತೀರಿರಲಿಲ್ಲ. ನೀರು ಹೋಗುತ್ತಿದ್ದುದು ಕೆಳಗಿನ ಹೋಸ್ ಪೈಪಿನ ತುದಿಯಲ್ಲಿದ್ದ ಒಂದು ಸೀಳಿನಿಂದ. ಪೈಪು, ಕ್ಲಿಪ್ಪು ಎರಡನ್ನೂ ಹೊಸದು ಹಾಕಲು ಒಂದು ಗಂಟೆ ಸಾಕಾಗುತ್ತಿತ್ತು. ಆ ದಿನ ನಾನು ಆಡದೆ ಉಳಿಸಿದ ಮಾತನ್ನು ಈಗ ಆಡುತ್ತಿದ್ದೇನೆ.

ಎಂಜಿನ್ ನೀರು ಕುಡಿಯುವುದಿಲ್ಲ. ಅದರೊಳಗಿನ ನೀರು ಮುಚ್ಚಿದ ಕಾಲುವೆಯಲ್ಲಿ ಸುತ್ತುತ್ತಿರುತ್ತದೆ. ಪಂಪು ಅದನ್ನು ಎಂಜಿನ್ನಿನ ಸುತ್ತ ತಳ್ಳುತ್ತದೆ, ಬಿಸಿಯಾದದ್ದು ರೇಡಿಯೇಟರಿಗೆ ಬಂದು ಆರಿ ಮತ್ತೆ ಒಳಗೆ ಹೋಗುತ್ತದೆ. ಆದುದರಿಂದ ನೀರು ಮತ್ತೆ ಮತ್ತೆ ಕಡಿಮೆಯಾಗುತ್ತಿದೆ ಎಂದರೆ ಎಲ್ಲೋ ದಾರಿ ಬಿಟ್ಟಿದೆ ಎಂದೇ ತಿಳಿಯಬೇಕು. ಸುರಿಯುವುದಕ್ಕೆ ಮೊದಲು ಹುಡುಕಬೇಕು.

ಹುಡುಕುವ ಮುಂಚೆ ಒಂದು ಎಚ್ಚರಿಕೆ. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಕೈ ಹಾಕಬಾರದು. ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಆವಿ ಇಳಿಯುವ ಮುಂಚೆ ಯಾವ ಹೆಣ್ಣುಮಗಳೂ ತೆಗೆಯುವುದಿಲ್ಲ. ಗಾಡಿಯ ಮುಂದೆ ಮಾತ್ರ ಗಂಡಸರಿಗೆ ಆ ಬುದ್ಧಿ ಇರುವುದಿಲ್ಲ! ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ, ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತೆಗೆಯಿರಿ. ಕಾದ ಎಂಜಿನ್ನಿಗೆ ತಣ್ಣೀರನ್ನೂ ಸುರಿಯಬೇಡಿ. ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ ನೀರೆರಚಿ ಸೀಳುತ್ತಿದ್ದರಲ್ಲ, ಹೆಡ್ಡು ಬಿರುಕು ಬಿಡುವುದೂ ಅದೇ ರೀತಿ.

ಮುಚ್ಚಳದಿಂದಲೇ ಆರಂಭಿಸೋಣ. ಕೋಲಾರದಂತಹ ಎತ್ತರದ ಸೀಮೆಯಲ್ಲಿ ಬರಿಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡವನ್ನು ಹಿಡಿದಿಟ್ಟುಕೊಂಡರೆ, ಕೂಲೆಂಟ್ ಬೆರೆಸಿದ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ತಡೆಯುತ್ತದೆ. ಮುಚ್ಚಳದ ರಬ್ಬರು ಒಣಗಿ ಸೀಳಿದ್ದರೆ ಅಥವಾ ಸ್ಪ್ರಿಂಗು ಸೋತಿದ್ದರೆ ನೀರು ಉಕ್ಕಿ ಹೊರಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗದ ಭಾಗ ಇದೇ, ಜನ ಕಡೆಯಲ್ಲಿ ನೋಡುವುದೂ ಇದನ್ನೇ.

ಮುಚ್ಚಳ ಸರಿಯಿದ್ದರೆ, ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೀರಿನ ಡಬ್ಬಿಯ ಮೇಲೆ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆಯಿರಿ, ಕಿಲೋಮೀಟರು ಬರೆದಿಡಿ. ರಾತ್ರಿ ಎಂಜಿನ್ನಿನಡಿ ಒಂದು ರಟ್ಟು ಹಾಸಿ. ಬೆಳಿಗ್ಗೆ ರಟ್ಟು ಎಲ್ಲಿ ನೆಂದಿದೆಯೋ ಅದರ ಮೇಲ್ಭಾಗವನ್ನು ನೋಡಿ. ರಟ್ಟು ಒಣಗಿದ್ದರೂ ಸೋರಿಕೆ ಇಲ್ಲವೆಂದು ಹೇಳುವ ಹಾಗಿಲ್ಲ. ಎಷ್ಟೋ ಸಾರಿ ಒತ್ತಡವಿದ್ದಾಗ ಮಾತ್ರ ಸೋರಿ, ಬಿಸಿ ಕಬ್ಬಿಣದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ. ಆದರೂ ಕಲೆ ಉಳಿಯುತ್ತದೆ: ಬೋರ್‌ವೆಲ್ ನೀರಾದರೆ ಸುಣ್ಣದ ಬಿಳಿ, ಕೂಲೆಂಟ್ ಆದರೆ ಅದರದೇ ಬಣ್ಣ. ಹೋಸಿನ ತುದಿಗಳನ್ನು ಹಿಸುಕಿ ನೋಡಿ. ಉಬ್ಬಿದ್ದರೆ, ಮೆತ್ತಗಾಗಿದ್ದರೆ, ಬಿರುಕಿದ್ದರೆ ಬದಲಾಯಿಸಿ. ತಂತಿ ಸುತ್ತಬೇಡಿ, ತಂತಿ ರಬ್ಬರನ್ನು ಕೊಯ್ಯುತ್ತದೆ.

ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದನ್ನು ಮುಚ್ಚಬಾರದು. ಒಳಗಿನ ಸೀಲು ಹೋದದ್ದನ್ನು ತಿಳಿಸುವುದಕ್ಕೇ ಅದನ್ನು ಇಟ್ಟಿರುವುದು. ಅಲ್ಲಿಂದ ನೀರು ಜಿನುಗಿದರೆ, ಪುಲಿ ಹಿಡಿದು ಅಲ್ಲಾಡಿಸಿದಾಗ ಲಟಲಟ ಎಂದರೆ, ಪಂಪು ಬದಲಾಯಿಸಿ. ರೇಡಿಯೇಟರು ಸೋರಿದಾಗ ಕೆಲವು ಡ್ರೈವರುಗಳು ಅರಿಶಿನ ಪುಡಿ ಹಾಕುತ್ತಾರೆ. ಸಣ್ಣ ತೂತು ಮುಚ್ಚುವುದೂ ಉಂಟು, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟುತ್ತದೆ. ಮನೆ ಮುಟ್ಟುವುದಕ್ಕೆ ಹಾಕಿದ್ದರೆ, ಮಾರನೆಯ ದಿನವೇ ರೇಡಿಯೇಟರ್ ತೊಳೆಸಿ ರಿಪೇರಿ ಮಾಡಿಸಿರಿ.

ಹೊರಗೆ ಎಲ್ಲಿಯೂ ಕಾಣದೆ ನೀರು ಹೋಗುತ್ತಿದ್ದರೆ ಒಳಗೆ ಅನುಮಾನ ಪಡಬೇಕು. ತಣ್ಣಗಿರುವಾಗ ಸ್ಟಾರ್ಟು ಮಾಡಿ ಎರಡು ನಿಮಿಷಕ್ಕೇ ಮೇಲಿನ ಹೋಸು ಕಲ್ಲಿನ ಹಾಗೆ ಬಿಗಿದರೆ, ನೀರಿನ ಡಬ್ಬಿಯಲ್ಲಿ ಗುಳ್ಳೆ ಬರುತ್ತಲೇ ಇದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಎಂಜಿನ್ ಕಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಉರಿಯುವ ಜಾಗಕ್ಕೆ ಇಳಿಯುತ್ತಿರಬಹುದು. ಆಯಿಲ್ ನೋಡುವ ಕಡ್ಡಿಯಲ್ಲಿ ಆಯಿಲ್ ಮಜ್ಜಿಗೆಯಂತೆ ಕಂಡರೆ ಗಾಡಿಯನ್ನು ಒಂದು ಹೆಜ್ಜೆಯೂ ಓಡಿಸದೆ ಎಳೆಸಿಕೊಂಡು ಹೋಗಿ. ಆಯಿಲ್ ಕೂಲರ್ ತೂತಾದರೂ ಹೀಗೆಯೇ ಆಗುತ್ತದೆ. ಬೆಳಿಗ್ಗೆ ಸ್ಟಾರ್ಟು ಮಾಡುವಾಗ ಎಂಜಿನ್ ಟಕ್ ಎಂದು ತಡೆದು ನಿಂತರೆ ಮತ್ತೆ ಕೀ ತಿರುಗಿಸಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿರಬಹುದು. ನೀರು ಗಾಳಿಯ ಹಾಗೆ ಅಮುಕುವುದಿಲ್ಲ, ಕನೆಕ್ಟಿಂಗ್ ರಾಡು ಬಗ್ಗುತ್ತದೆ.

ಹೊಸ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಅಂಶ ಉಂಟು. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೆ ಬಿಡುವ ಇ.ಜಿ.ಆರ್. ಕೂಲರ್ ಎಂಬ ಭಾಗದಲ್ಲೂ ಇದೇ ನೀರು ಹರಿಯುತ್ತದೆ. ಅದು ಬಿರಿದರೂ ಬಿಳಿ ಹೊಗೆ ಬರುತ್ತದೆ, ನೀರು ಕಡಿಮೆಯಾಗುತ್ತದೆ. ಆದುದರಿಂದ ಮೆಕ್ಯಾನಿಕ್ಕು ಹೆಡ್ಡು ಬಿಚ್ಚೋಣ ಎಂದ ಕೂಡಲೇ ಹೂಂ ಅನ್ನಬೇಡಿ. “ಅಣ್ಣಾ, ಮೊದಲು ಪ್ರೆಷರ್ ಹಾಕಿ ನೋಡು, ಇ.ಜಿ.ಆರ್. ಕೂಲರ್ ನೋಡು” ಎಂದು ಹೇಳಿ. ಹೆಡ್ಡನ್ನು ಇಳಿಸಲೇಬೇಕಾದರೆ ಅದರ ಮಟ್ಟ ಅಳೆಸಿ, ಬಿರುಕು ಇದೆಯೇ ಎಂದು ನೋಡಿಸಿ. ಸೊಟ್ಟ ಹೆಡ್ಡಿನ ಮೇಲೆ ಹೊಸ ಗ್ಯಾಸ್ಕೆಟ್ ಹಾಕಿದರೆ ಹಣ ನೀರಿಗೆ ಹಾಕಿದಂತೆ. ಬೋಲ್ಟುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ, ಬಿಗಿತ ಅಳೆಯುವ ಸ್ಪ್ಯಾನರಿನಿಂದಲೇ ಬಿಗಿಯಬೇಕು.

ದಾರಿಯಲ್ಲಿ ಟೆಂಪರೇಚರ್ ಮುಳ್ಳನ್ನು ಪೂರ್ತಿ ನಂಬಬೇಡಿ. ನೀರು ತೀರಾ ಇಳಿದು, ಬಿಸಿ ಅಳೆಯುವ ಸೆನ್ಸಾರು ನೀರಿನಿಂದ ಹೊರಗೆ ಬಂದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಮೇಲಿದ್ದ ಮುಳ್ಳು ತಟಕ್ಕನೆ ಇಳಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಟೊಮೆಟೊ ಒಂದು ಗಂಟೆ ಕಾಯುತ್ತದೆ.

ರಿಪೇರಿಯಾದ ಮೇಲೆ ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಒಳಗೆ ಕಟ್ಟಿ, ಹಂಡೆಯ ತಳದಲ್ಲಿ ಬಿಳಿ ಪೊರೆ ಹಿಡಿದಂತೆ ಹಿಡಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನು, ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಡನೆ ಅಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ ಹಾಕಿ. ಸಾಮಾನ್ಯವಾಗಿ ಅದು ಅರ್ಧಕ್ಕರ್ಧ. ಬಣ್ಣ ಒಂದೇ ಎಂದು ಎರಡು ಜಾತಿಯದನ್ನು ಕಲೆಸಬೇಡಿ. ಒಳಗೆ ಸಿಕ್ಕಿದ ಗಾಳಿ ಹೋಗುವಂತೆ ಸ್ವಲ್ಪ ಹೊತ್ತು ಓಡಿಸಿ, ಆರಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿಸಿ. ಮೊದಲ ವಾರ ದಿನವೂ ಗೆರೆ ನೋಡಿ.

ಕೊನೆಯದಾಗಿ ಮನೆಯವರೆಲ್ಲ ಕೇಳಬೇಕಾದ ಮಾತು. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲಿನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ ನೆಕ್ಕುತ್ತದೆ, ಕರು ಕುಡಿಯುತ್ತದೆ, ಬಣ್ಣ ನೋಡಿ ಮಗು ಷರಬತ್ತು ಎಂದುಕೊಳ್ಳುತ್ತದೆ. ಇಳಿಸಿದ ಹಳೆಯ ಕೂಲೆಂಟನ್ನು ತೊಟ್ಟಿ, ಚರಂಡಿ, ಬಾವಿಯ ಹತ್ತಿರ ಚೆಲ್ಲದೆ, ಡಬ್ಬಕ್ಕೆ ತುಂಬಿ ಬಿಗಿಯಾಗಿ ಮುಚ್ಚಿ ಗ್ಯಾರೇಜಿಗೇ ಕೊಟ್ಟುಬಿಡಿ. ನೆಲಕ್ಕೆ ಬಿದ್ದದ್ದರ ಮೇಲೆ ಮಣ್ಣು ಹಾಕಿ ಬಾಚಿ ತೆಗೆಯಿರಿ. ಯಾರಾದರೂ ಕುಡಿದರೆಂಬ ಅನುಮಾನ ಬಂದರೂ, ಲಕ್ಷಣ ಕಾಣಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.