ಕೊಡಗಿನ ಗುಡ್ಡಗಳಲ್ಲಿ ಮನೆಗಳು ಎಲ್ಲಿವೆ?

ಮಕ್ಕಳೇ, ಕರ್ನಾಟಕದ ನಕ್ಷೆ ತೆಗೆದು ನೈಋತ್ಯದ ಅಂಚಿಗೆ ಕಣ್ಣು ಹಾಯಿಸಿ. ಕೇರಳಕ್ಕೆ ಒತ್ತಿಕೊಂಡಂತೆ ಕೊಡಗು ಜಿಲ್ಲೆ ಕಾಣುತ್ತದೆ. ಅದರ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕವರು 5,54,519 ಜನ. ಜನರ ಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಿ. ಒಂದು ಚದರ ಕಿಲೋಮೀಟರಿಗೆ 135 ಜನ ಬರುತ್ತಾರೆ. ಇದನ್ನೇ ಜನಸಾಂದ್ರತೆ ಎನ್ನುತ್ತೇವೆ. ಅದೇ ವರ್ಷ ಇಡೀ ಕರ್ನಾಟಕದ ಜನಸಾಂದ್ರತೆ 319 ಇತ್ತು, ಬೆಂಗಳೂರು ನಗರ ಜಿಲ್ಲೆಯದು 4,381.

ಹಾಗಾದರೆ ಕೊಡಗಿನಲ್ಲಿ ಎಲ್ಲಿ ನಿಂತರೂ ಸುತ್ತಲಿನ ಒಂದು ಚದರ ಕಿಲೋಮೀಟರಿನಲ್ಲಿ 135 ಜನ ಸಿಗುತ್ತಾರೆಯೇ? ಇಲ್ಲ. ಮೂವರು ಊಟಕ್ಕೆ ಕೂತು, ಒಬ್ಬರೇ ಆರು ಕಡಂಬುಟ್ಟು (ಅಕ್ಕಿಯ ಕಡುಬು) ತಿಂದು, ಉಳಿದಿಬ್ಬರು ಮುಟ್ಟದೇ ಎದ್ದರೂ ಲೆಕ್ಕದಲ್ಲಿ ತಲೆಗೆ ಎರಡೇ ಬರುತ್ತದಲ್ಲ? ಸರಾಸರಿ ಎಂದರೆ ಹಾಗೆಯೇ. ಪುಷ್ಪಗಿರಿಯ ಕಾಡಿನೊಳಗೆ ಕಿಲೋಮೀಟರುಗಟ್ಟಲೆ ಒಂದು ಮನೆಯೂ ಇಲ್ಲ. ಮಡಿಕೇರಿ ಪೇಟೆಯಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಆದ್ದರಿಂದ ಎಷ್ಟು ಜನ ಎಂಬ ಪ್ರಶ್ನೆಯ ಜೊತೆಗೆ ಅವರು ಎಲ್ಲಿದ್ದಾರೆ, ಅಲ್ಲೇ ಏಕಿದ್ದಾರೆ ಎಂದೂ ಕೇಳಬೇಕು. ಅದಕ್ಕೆ ಉತ್ತರ ನೆಲದ ಆಕಾರದಲ್ಲಿದೆ.

ಕೊಡಗು ಪಶ್ಚಿಮ ಘಟ್ಟದ ಮೇಲಿರುವ ನಾಡು. ಅಲ್ಲಿನ ಅತಿ ಎತ್ತರದ ಶಿಖರ ತಡಿಯಂಡಮೋಳ್, 1,748 ಮೀಟರ್. ಜೂನ್ ಬಂತೆಂದರೆ ಅರಬ್ಬಿ ಸಮುದ್ರದ ಕಡೆಯಿಂದ ನೀರಾವಿ ತುಂಬಿದ ಗಾಳಿ ಬಂದು ಈ ಗುಡ್ಡಗಳಿಗೆ ಎದುರಾಗುತ್ತದೆ. ಮುಂದೆ ಹೋಗಲು ದಾರಿಯಿಲ್ಲದೆ ಮೇಲಕ್ಕೇರುತ್ತದೆ. ಏರಿದಂತೆ ತಣ್ಣಗಾಗುತ್ತದೆ, ಆವಿ ಹನಿಯಾಗುತ್ತದೆ, ಮಳೆ ಸುರಿಯುತ್ತದೆ. ಅದಕ್ಕೇ ಪಶ್ಚಿಮದ ಭಾಗಮಂಡಲದಲ್ಲಿ ಬೀಳುವ ಮಳೆ ಪೂರ್ವದ ಕುಶಾಲನಗರಕ್ಕಿಂತ ಹಲವು ಪಟ್ಟು ಹೆಚ್ಚು. ಬಿದ್ದ ನೀರಿನ ದಾರಿಯೂ ಸ್ವಾರಸ್ಯದ್ದು. ಕಾವೇರಿ ಹುಟ್ಟುವ ತಲಕಾವೇರಿಯಿಂದ ಅರಬ್ಬಿ ಸಮುದ್ರಕ್ಕೆ ನೇರವಾಗಿ ಅಳೆದರೆ ಸುಮಾರು ಐವತ್ತು ಕಿಲೋಮೀಟರ್. ಆದರೂ ಕಾವೇರಿ ಅತ್ತ ಹೋಗುವುದಿಲ್ಲ. ಪ್ರಸ್ಥಭೂಮಿ ಪೂರ್ವಕ್ಕೆ ವಾಲಿರುವುದರಿಂದ ಸುಮಾರು ಎಂಟುನೂರು ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ಆದರೆ ಇದೇ ಕೊಡಗಿನ ಬರಪೊಳೆ ನದಿ ಪಶ್ಚಿಮಕ್ಕಿಳಿದು ಕೇರಳಕ್ಕೆ ಹೋಗುತ್ತದೆ.

ಈಗ ಮನೆಗಳ ವಿಷಯಕ್ಕೆ ಬರೋಣ. ಬಯಲುಸೀಮೆಯಲ್ಲಿ ನೆಲ ಸಮ, ನೀರಿಗೆ ಮಾತ್ರ ಬರ. ಹಾಗಾಗಿ ಕೆರೆ ಅಥವಾ ಬಾವಿಯಿರುವ ಕಡೆ ಮನೆಗಳು ಗುಂಪಾಗಿ ಕೂಡಿ ಊರಾಗುತ್ತವೆ, ಹೊಲಗಳು ಸುತ್ತ ಹಬ್ಬುತ್ತವೆ. ಕೊಡಗಿನಲ್ಲಿ ಲೆಕ್ಕ ತಿರುಗುಮುರುಗು. ನೀರು ಪ್ರತಿ ಕಣಿವೆಯಲ್ಲೂ ಇದೆ, ಅಪರೂಪವಾಗಿರುವುದು ಸಮತಟ್ಟಾದ ನೆಲ. ಗುಡ್ಡದಿಂದ ಮಳೆ ತೊಳೆದು ತಂದ ನಯವಾದ ಮಣ್ಣು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಭತ್ತಕ್ಕೆ ನೀರು ನಿಲ್ಲುವ ನೆಲ ಬೇಕಲ್ಲ, ಆದ್ದರಿಂದ ಆ ಇಷ್ಟಗಲದ ಪಟ್ಟಿ ಗದ್ದೆಗೆ ಮೀಸಲು. ಮನೆ ಗದ್ದೆಯ ಅಂಚಿನಲ್ಲಿ, ಸ್ವಲ್ಪ ಎತ್ತರದಲ್ಲಿ. ಮನೆಯ ಹಿಂದೆ ಸೌದೆಗೆ, ಸೊಪ್ಪಿಗೆ, ದನ ಮೇಯಲು ಬಾಣೆ. ಒಂದು ಕಣಿವೆಯ ಗದ್ದೆ ಕೆಲವೇ ಮನೆಗಳನ್ನು ಸಾಕಬಲ್ಲದು. ಇನ್ನೊಂದು ಮನೆ ಬೇಕಾದರೆ ಇನ್ನೊಂದು ಕಣಿವೆ! ಕೊಡವರ ಹಳೆಯ ಐನ್‌ಮನೆಗಳು, ಅಂದರೆ ಕುಟುಂಬದ ಮೂಲಮನೆಗಳು, ಹೀಗೆ ಗದ್ದೆಗೆ ಮುಖಮಾಡಿ, ಒಂದಕ್ಕೊಂದು ದೂರ ದೂರ ಇವೆ. ಅಲ್ಲಿಗೆ ಹೋಗುವ ಓಣಿಯಲ್ಲಿ ನಡೆದರೆ ಮನೆ ಹತ್ತಿರವಾಗುವವರೆಗೂ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ಚೆನ್ನಾಗಿ ನೆಲವನ್ನು ಓದಿದ ಹಿರಿಯರ ಬಗ್ಗೆ ನನಗೆ ಬಹಳ ಗೌರವ.

ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಕಾಫಿ ತೋಟಗಳು ಬಂದ ಮೇಲೆ ಈ ಚಿತ್ರ ಬದಲಾಯಿತು. ಕಾಫಿ ಗಿಡದ ಬುಡದಲ್ಲಿ ನೀರು ನಿಲ್ಲಬಾರದು, ಇಳಿಜಾರೇ ಅದಕ್ಕೆ ಹಿತ. ಮೇಲೆ ಮರದ ನೆರಳೂ ಬೇಕು. ಹೀಗೆ ಗುಡ್ಡದ ಮೈಯೂ ಬೆಳೆಯ ನೆಲವಾಯಿತು. ಕೆಲಸಕ್ಕೆ ಹೊರಗಿನಿಂದ ಜನ ಬಂದರು, ತೋಟಗಳ ನಡುವೆ ಲೈನ್‌ಮನೆಗಳು ಸಾಲಾಗಿ ಎದ್ದವು. ಇಂದು ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ಯರವ ಎಲ್ಲವೂ ಕಿವಿಗೆ ಬೀಳುವ ನಾಡು ಅದು.

ಕಡಿದಾದ ಇಳಿಜಾರಿಗೆ ಅಪಾಯವೂ ಇದೆ. ಎಡೆಬಿಡದ ಮಳೆಗೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತಮುತ್ತ ಗುಡ್ಡಗಳು ಹೀಗೇ ಜರಿದವು. ಮನೆಗಾಗಿ, ರಸ್ತೆಗಾಗಿ ಬುಡ ಕತ್ತರಿಸಿದ ಇಳಿಜಾರು ಇನ್ನೂ ಬೇಗ ಜರಿಯುತ್ತದೆ.

ಇನ್ನೊಂದು ಸಂಖ್ಯೆ ಹೇಳುತ್ತೇನೆ. 2001ರಲ್ಲಿ ಕೊಡಗಿನಲ್ಲಿದ್ದವರು 5,48,561 ಜನ. ಹತ್ತು ವರ್ಷಗಳಲ್ಲಿ ಹೆಚ್ಚಿದವರು ಆರು ಸಾವಿರಕ್ಕಿಂತ ತುಸು ಕಡಿಮೆ. ಕುಟುಂಬಗಳು ಚಿಕ್ಕವಾಗಿವೆ. ಓದಿಗೆ, ಕೆಲಸಕ್ಕೆ ಮೈಸೂರು, ಬೆಂಗಳೂರು ಸೇರಿದವರೂ ಬಹಳ.

ನಿಮ್ಮ ಶಾಲೆಯಲ್ಲಿ ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆ ಇದ್ದರೆ ಮೇಷ್ಟ್ರನ್ನು ಕೇಳಿ ಬಿಡಿಸಿ ನೋಡಿ. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಕಂದು, ಸಾಗುವಳಿ ನೆಲ ಹಳದಿ, ಕಾಡು ಹಸಿರು, ಮನೆಗಳು ಕೆಂಪು. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ನೆಲ ಕಡಿದು, ದೂರ ದೂರವಿದ್ದರೆ ಸಮ. ಮಲೆನಾಡಿನ ಹಾಳೆಯೊಂದನ್ನೂ ಬಯಲುಸೀಮೆಯದೊಂದನ್ನೂ ಪಕ್ಕಪಕ್ಕ ಇಟ್ಟು, ಕೆಂಪು ಚುಕ್ಕೆಗಳು ಎಲ್ಲಿ ಗುಂಪಾಗಿವೆ, ಎಲ್ಲಿ ಚದುರಿವೆ ಎಂದು ಹುಡುಕಿ.