ದೊಡ್ಡ ಮನೆಯ ರಿಷ್ತಾ ಮತ್ತು ನಮ್ಮ ಮಾನ

(ಇಜೇರಿಯ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರ)





ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕಡೆ ನಿಕಾಹ್‌ನ ಮಾತುಗಳು ಶುರುವಾಗುತ್ತವೆ. ಆಗ ಒಂದು ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ: “ದೊಡ್ಡ ಮನೆಯ ರಿಷ್ತಾ ಬಂದಿದೆ, ಬಿಡಬಾರದು.” ದೊಡ್ಡ ಮನೆ ಎಂದರೆ ಏನು? ಕಲಬುರಗಿಯಲ್ಲಿ ಸ್ವಂತ ಬಂಗಲೆ, ಗಲ್ಫ್‌ನಲ್ಲಿ ಸಂಬಳ, ನಾಲ್ಕು ಜನ ಮುಖಂಡರ ಪರಿಚಯ. ಹುಡುಗ ನಮಾಝ್ ಮಾಡುತ್ತಾನೋ ಇಲ್ಲವೋ, ಕಟ್ಟಿಕೊಂಡವಳನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂಬುದು ಕೊನೆಗೆ ಕೇಳುವ ಪ್ರಶ್ನೆ. ಕೆಲವೊಮ್ಮೆ ಅದನ್ನು ಕೇಳುವುದೇ ಇಲ್ಲ.

ಆ ಮನೆಯ ಹೊಸ್ತಿಲು ದಾಟಲು ಒಂದು ಬೆಲೆ ಇದೆ. ಜೋಡೆಯ ರಕಮು, ಗಾಡಿ, ಚಿನ್ನ, ಪಟ್ಟಣದ ಫಂಕ್ಷನ್ ಹಾಲ್. ಈ ಬೆಲೆ ಕಟ್ಟಲು ಅಪ್ಪ ಹೊಲ ಮಾರುತ್ತಾನೆ ಅಥವಾ ಬಡ್ಡಿಗೆ ಸಾಲ ತರುತ್ತಾನೆ. ಅಣ್ಣ ಓದು ಬಿಟ್ಟು ಮುಂಬೈಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಒಂದು ದಿನದ ದಾವತ್ತಿಗಾಗಿ ಒಂದು ಮನೆತನ ಹತ್ತು ವರ್ಷ ಹಿಂದೆ ಬೀಳುತ್ತದೆ. ಇವತ್ತು ಇದರ ಬಗ್ಗೆಯೇ ಮಾತಾಡೋಣ.

ಸಹೋದರರೇ, ದೊಡ್ಡವರ ಸಾಲಿನಲ್ಲಿ ಕೂರಬೇಕೆಂಬ ಆಸೆ ಹೊಸದಲ್ಲ. ಅದು ಮಕ್ಕಾದಲ್ಲೂ ಇತ್ತು. ಇಂಥ ಗ್ರಂಥ ಎರಡು ಪಟ್ಟಣಗಳ ಯಾರಾದರೊಬ್ಬ ದೊಡ್ಡ ಮನುಷ್ಯನ ಮೇಲೆ ಯಾಕೆ ಇಳಿಯಲಿಲ್ಲ ಎಂದು ಅಲ್ಲಿಯ ಮುಖಂಡರು ಕೇಳಿದ್ದನ್ನು ಸೂರಃ ಝುಖ್ರುಫ್‌ನಲ್ಲಿ ಅಲ್ಲಾಹನು ನಮಗೆ ತಿಳಿಸಿದ್ದಾನೆ. ಅವರ ಲೆಕ್ಕದಲ್ಲಿ ಸತ್ಯಕ್ಕೂ ಹಣದ ಸಾಕ್ಷಿ ಬೇಕಿತ್ತು. ಬಿಲಾಲ್, ಅಮ್ಮಾರ್, ಸುಹೈಬ್, ಖಬ್ಬಾಬ್‌ರಂಥ (ರ) ಬಡವರು ಪ್ರವಾದಿ(ಸ)ರ ಬಳಿ ಕೂತಿರುವಾಗ ತಾವು ಅಲ್ಲಿಗೆ ಬರಲು ಅವರಿಗೆ ನಾಚಿಕೆ. ಆ ಬಡವರನ್ನು ದೂರ ಮಾಡಬಾರದೆಂದು ಸೂರಃ ಅನ್‌ಆಮ್‌ನಲ್ಲಿ ಆಜ್ಞೆ ಬಂತು. ಬೆಳಿಗ್ಗೆ ಸಂಜೆ ತಮ್ಮ ಪ್ರಭುವನ್ನು ಕರೆಯುವವರ ಜೊತೆಯಲ್ಲೇ ಇರಬೇಕು, ಲೋಕದ ಥಳಕಿಗಾಗಿ ಅವರಿಂದ ಕಣ್ಣು ತಿರುಗಿಸಬಾರದು ಎಂದು ಸೂರಃ ಕಹ್ಫ್‌ನಲ್ಲೂ ಆಜ್ಞೆ ಬಂತು. ಪ್ರತಿ ಶುಕ್ರವಾರ ನಾವು ಓದುವ ಸೂರಃ ಅದು. ಓದಿದ ಮೇಲೆ ನಮ್ಮ ದಾವತ್ತಿನಲ್ಲಿ ಯಾರ ಕಡೆ ಕಣ್ಣು ಹೋಗುತ್ತದೆ ಎಂದು ನೋಡಿಕೊಳ್ಳಬೇಕು.

ಸೂರಃ ಅಬಸ ಕೂಡ ನಿಮಗೆ ಗೊತ್ತು. ಪ್ರವಾದಿ(ಸ)ರು ಕುರೈಶ್ ಮುಖಂಡರಿಗೆ ದೀನ್ ಮುಟ್ಟಿಸುತ್ತಿದ್ದ ಹೊತ್ತಿನಲ್ಲಿ ಕಣ್ಣು ಕಾಣದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ (ರ) ಕಲಿಯುವ ಹಂಬಲದಿಂದ ಬಂದರು. ದೊಡ್ಡವರು ದೀನ್‌ಗೆ ಬಂದರೆ ಸಮುದಾಯಕ್ಕೆ ಒಳಿತಾಗುತ್ತದೆ ಎಂಬ ಒಳ್ಳೆಯ ಉದ್ದೇಶವೇ ಅಲ್ಲಿತ್ತು. ಆದರೂ ಅಲ್ಲಾಹನು ಗಮನವನ್ನು ಆ ಬಡ ಕುರುಡನ ಕಡೆಗೆ ತಿರುಗಿಸಿದನು. ಅಂಥ ಉದ್ದೇಶವಿದ್ದಾಗಲೇ ಹೀಗಾದರೆ, ಬರೀ ಪ್ರತಿಷ್ಠೆಗಾಗಿ ಬಡವನನ್ನು ಬದಿಗೆ ಸರಿಸುವ ನಮ್ಮ ಗತಿ ಏನು?

ಹಾಗಾದರೆ ಹಣವೇ ಕೆಟ್ಟದ್ದೇ? ಇಲ್ಲ. ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಮದೀನಾಕ್ಕೆ ಬಂದಾಗ ಅವರ ಕೈ ಬರಿದಾಗಿತ್ತು. ಅವರ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್ (ರ) ತಮ್ಮ ಆಸ್ತಿಯಲ್ಲಿ ಅರ್ಧ ಕೊಡಲು ಮುಂದಾದರು. ಶ್ರೀಮಂತನ ನೆರಳು ತಾನಾಗಿಯೇ ಸಿಕ್ಕಿತ್ತು. ಅವರು ಬರಕತ್ತಿನ ದುಆ ಮಾಡಿ, ಮಾರುಕಟ್ಟೆಯ ದಾರಿ ಯಾವುದೆಂದು ಕೇಳಿದರು. ತುಪ್ಪ, ಒಣಗಿಸಿದ ಮೊಸರು ಮಾರಿ ವ್ಯಾಪಾರ ಬೆಳೆಸಿದರು. ಸ್ವಲ್ಪ ದಿನಗಳಲ್ಲೇ ಮದುವೆಯಾದರು. ಖರ್ಜೂರದ ಬೀಜದ ತೂಕದ ಚಿನ್ನವನ್ನು ಮಹರ್ ಕೊಟ್ಟರು. ಒಂದು ಕುರಿಯಾದರೂ ಸರಿ, ವಲೀಮಾ ಮಾಡೆಂದು ಪ್ರವಾದಿ(ಸ)ರು ಅವರಿಗೆ ಹೇಳಿದರು. ಇದು ಬುಖಾರಿಯಲ್ಲಿದೆ. ಇಲ್ಲಿ ಕೊಟ್ಟವನು ಗಂಡು, ಪಡೆದವಳು ಹೆಣ್ಣು. ಊಟ ಹಾಕಿದವನೂ ಗಂಡೇ. ನಾವು ಇದನ್ನು ಪೂರಾ ತಿರುಗಿಸಿ ಇಟ್ಟಿದ್ದೇವೆ.

ಕೆಲವರು ಕುಫುವಿನ ಮಾತು ಎತ್ತುತ್ತಾರೆ. ಸರಿಸಮಾನರ ನಂಟು ಬೇಡವೇ ಎನ್ನುತ್ತಾರೆ. ಹೊಂದಾಣಿಕೆ ನೋಡಬೇಕು, ನಿಜ. ಫಾತಿಮಾ ಬಿನ್ತ್ ಕೈಸ್ (ರ) ಕುರೈಶ್ ಮನೆತನದವರು. ಅವರಿಗೆ ಎರಡು ರಿಷ್ತಾ ಬಂದಾಗ ಪ್ರವಾದಿ(ಸ)ರನ್ನು ಕೇಳಿದರು. ಒಬ್ಬರ ಬಳಿ ಸಂಪತ್ತಿಲ್ಲ, ಇನ್ನೊಬ್ಬರು ಹೆಂಡತಿಯರ ಮೇಲೆ ಕೈ ಎತ್ತುವವರು ಎಂದು ಪ್ರವಾದಿ(ಸ)ರು ನೇರವಾಗಿ ಹೇಳಿದರು. ಬಿಡುಗಡೆ ಹೊಂದಿದ ಗುಲಾಮರೊಬ್ಬರ ಮಗ ಉಸಾಮಾ (ರ)ರನ್ನು ಮದುವೆಯಾಗಲು ಸೂಚಿಸಿದರು. ಮೊದಲು ಆ ಹೆಣ್ಣಿನ ಮನಸ್ಸು ಒಪ್ಪಲಿಲ್ಲ. ಒಪ್ಪಿದ ಮೇಲೆ ಅಲ್ಲಾಹನು ಅದರಲ್ಲಿ ಎಷ್ಟು ಒಳಿತು ಇಟ್ಟನೆಂದರೆ ಬೇರೆ ಹೆಂಗಸರು ಅವರನ್ನು ನೋಡಿ ಆಸೆಪಟ್ಟರು. ಮುಸ್ಲಿಮ್ ಶರೀಫ್‌ನಲ್ಲಿ ಇದನ್ನು ಅವರೇ ಹೇಳಿದ್ದಾರೆ. ನೋಡಿ, ಸಂಸಾರ ನಡೆಸುವ ಶಕ್ತಿ ವಿಚಾರಿಸಿದ್ದಾಯಿತು, ಸ್ವಭಾವ ವಿಚಾರಿಸಿದ್ದಾಯಿತು. ಮನೆತನದ ಗತ್ತು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ನಮ್ಮಲ್ಲಿ ಮನೆತನದ ಗತ್ತು ಇನ್ನೊಂದು ರೂಪದಲ್ಲೂ ಇದೆ. ಅವರು ಪಿಂಜಾರರು, ಇವರು ಕಸಾಯಿಗಳು, ನಾವು ಮೇಲಿನವರು ಎಂಬ ಮಾತು. ಮುಸ್ಲಿಮರೊಳಗಿನ ಈ ಮೇಲುಕೀಳನ್ನು 2006ರ ಸಾಚಾರ್ ಸಮಿತಿಯ ವರದಿಯೂ ದಾಖಲಿಸಿದೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನದಾಫ್, ಪಿಂಜಾರರು ಪ್ರವರ್ಗ 1ರಲ್ಲಿದ್ದಾರೆ. ಆ ಹಕ್ಕನ್ನು ಅವರು ಪಡೆಯಲಿ. ಆದರೆ ಸರಕಾರಿ ಕಾಗದದ ಪ್ರವರ್ಗ ಮಸೀದಿಯ ಸಫ್‌ಗೆ, ರಿಷ್ತಾದ ಮಾತಿಗೆ ಬರಬಾರದು. ಸೂರಃ ಹುಜುರಾತ್‌ನ ಪ್ರಕಾರ ಬುಡಕಟ್ಟುಗಳಿರುವುದು ಒಬ್ಬರನ್ನೊಬ್ಬರು ಗುರುತಿಸಲು, ಗೌರವ ಇರುವುದು ತಖ್ವಾದಲ್ಲಿ.

ನಮ್ಮ ಜಿಲ್ಲೆಯ ಇತಿಹಾಸವನ್ನೇ ನೋಡಿ. ಹಝ್ರತ್ ಖಾಜಾ ಬಂದೇನವಾಝ್ ಗೇಸೂದರಾಝ್ (ರಹ್) ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ದಿಲ್ಲಿ ಬಿಟ್ಟು ಮುಂದೆ ಕಲಬುರಗಿಗೆ ಬಂದರು. ಸುಲ್ತಾನ ಫಿರೋಜ್ ಶಾ ಬಹಮನಿ ಗೌರವದಿಂದ ಬರಮಾಡಿಕೊಂಡ. ಅರಮನೆಯ ಬಾಗಿಲು ಅವರಿಗೆ ತೆರೆದಿತ್ತು. ಆದರೆ ಸುಲ್ತಾನ ತನ್ನ ಮಗನಿಗೆ ಪಟ್ಟದ ಆಶೀರ್ವಾದ ಕೇಳಿದಾಗ ಅವರು ಆತನಿಗೆ ಹಿತವಾಗುವ ಮಾತು ಆಡಲಿಲ್ಲ ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಸಂಬಂಧ ಕೆಟ್ಟಿತು. ಕೋಟೆಯ ಹತ್ತಿರದ ಖಾನಖಾ ಬಿಟ್ಟು ಅವರು ದೂರ ಹೋಗಬೇಕಾಯಿತು. 1422ರಲ್ಲಿ ಇಬ್ಬರೂ ಈ ಲೋಕ ಬಿಟ್ಟರು. ಹಫ್ತ್ ಗುಂಬಜ್‌ನಲ್ಲಿ ಫಿರೋಜ್ ಶಾನ ಗೋರಿ ದೊಡ್ಡದಾಗಿ ನಿಂತಿದೆ, ನೋಡಲು ಹೋದವರು ಫೋಟೊ ತೆಗೆದುಕೊಂಡು ಬರುತ್ತಾರೆ. ಖಾಜಾರ ಹೆಸರು ಮಾತ್ರ ಜಾತಿ ಧರ್ಮ ಎನ್ನದೆ ಎಲ್ಲರ ಬಾಯಲ್ಲಿದೆ. ದರ್ಗಾದ ಆಚರಣೆಗಳ ಬಗ್ಗೆ ನಮ್ಮಲ್ಲಿ ಬೇರೆಬೇರೆ ಅಭಿಪ್ರಾಯ ಇರಬಹುದು. ಈ ಪಾಠದಲ್ಲಿ ಭಿನ್ನಾಭಿಪ್ರಾಯ ಬೇಡ: ದೊಡ್ಡವರ ಪರಿಚಯ ತಪ್ಪಲ್ಲ, ಅದಕ್ಕಾಗಿ ಮಾತು ಮಾರಿಕೊಳ್ಳುವುದು ತಪ್ಪು.

ಈಗ ನಮ್ಮ ಕೆಲಸಕ್ಕೆ ಬರೋಣ. ನಾಲ್ಕು ಮಾತು ಹೇಳುತ್ತೇನೆ.

ಒಂದು, ಜೋಡೆಯ ರಕಮು ನಿಲ್ಲಲಿ. ಶರೀಅತ್ತಿನಲ್ಲಿ ಅದಕ್ಕೆ ಆಧಾರವಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಗಂಡಿನ ಕಡೆಯವರು ಕೇಳಬೇಡಿ. ‘ನಾವು ಕೇಳಲಿಲ್ಲ, ಅವರೇ ಕೊಟ್ಟರು’ ಎಂಬ ನೆಪವನ್ನೂ ಬಿಡಿ. ರಕಮು ಎಣಿಸಿದ ನಿಕಾಹ್ ಓದಿಸಲು ನನ್ನನ್ನು ಕರೆಯಬೇಡಿ. ನಾನು ಬರುವುದಿಲ್ಲ. ಅದು ಯಾರ ಮನೆಯದ್ದೇ ಆಗಿರಲಿ.

ಎರಡು, ನಿಕಾಹ್ ಇದೇ ಮಸೀದಿಯಲ್ಲಿ, ಅಸರ್ ನಂತರ, ಸರಳವಾಗಿ ಆಗಲಿ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವೇ ಅತಿ ಕೆಟ್ಟ ಊಟ ಎಂದು ಹದೀಸ್‌ನಲ್ಲಿದೆ. ಮುಖಂಡರಿಗೆ ಬೇರೆ ಟೇಬಲ್, ಕೂಲಿಯವರಿಗೆ ಕೊನೆಯ ಪಂಗ್ತಿ ಎಂಬ ಪದ್ಧತಿ ಬೇಡ. ಎಲ್ಲರಿಗೂ ಒಂದೇ ದಸ್ತರ್‌ಖಾನ್ ಹಾಸಿ. ಉಳ್ಳವರು ಮೊದಲು ಇದನ್ನು ಮಾಡಿ ತೋರಿಸಬೇಕು. ನೀವು ಸರಳ ಮದುವೆ ಮಾಡಿದರೆ ಬಡವನ ಸರಳತೆಗೆ ಮಾನ ಬರುತ್ತದೆ. ಬಡವನೊಬ್ಬನೇ ಮಾಡಿದರೆ ಜನ ಅದನ್ನು ಗತಿಯಿಲ್ಲದ ಮದುವೆ ಎನ್ನುತ್ತಾರೆ.

ಮೂರು, ಮೊದಲ ಸಫ್‌ನಲ್ಲಿ ಯಾರಿಗೂ ಜಾಗ ಹಿಡಿದಿಡಬೇಡಿ. ಮೊದಲು ಬಂದವನಿಗೆ ಮೊದಲ ಜಾಗ. ಸಿಮೆಂಟಿನ ಕೈಯವನ ಭುಜಕ್ಕೆ ಅತ್ತರಿನ ಭುಜ ತಾಗಲಿ.

ನಾಲ್ಕು, ಮಗಳ ಜೋಡೆಗೆಂದು ಕೂಡಿಟ್ಟ ಹಣವನ್ನು ಅವಳ ಓದಿಗೆ ಹಾಕಿ. 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟುಗಳಲ್ಲಿ, ಸರಕಾರಿ ನೌಕರಿಗಳಲ್ಲಿ ಮೀಸಲಾತಿ ಇದೆ. ಅದರ ಅರ್ಹತಾ ಪ್ರಮಾಣಪತ್ರವನ್ನು ನಿಮ್ಮ ಮಕ್ಕಳಿಗೆ ಮಾಡಿಸಿದ್ದೀರಾ? ಓದಿ ಶಿಕ್ಷಕಿಯೋ ನರ್ಸೋ ಡಾಕ್ಟರೋ ಆದ ಮಗಳಿಗೆ ಯಾರ ಬಾಗಿಲನ್ನೂ ರಕಮು ಕೊಟ್ಟು ತೆರೆಯಬೇಕಾಗಿಲ್ಲ. ಅಬ್ದುರ್ರಹ್ಮಾನ್ (ರ) ಕೇಳಿದ ಮಾರುಕಟ್ಟೆಯ ದಾರಿ ನಮ್ಮ ಮಕ್ಕಳಿಗೆ ಇವತ್ತು ಶಾಲೆಯ ದಾರಿ.

ಸಹೋದರರೇ, ಯಾರದೋ ಮನೆಯಲ್ಲಿ ಹೊಲದ ಕಾಗದ ಪೆಟ್ಟಿಗೆಯಿಂದ ಹೊರಬಂದಿದ್ದರೆ ಅದನ್ನು ಇವತ್ತೇ ಒಳಗಿಡಿ. ಬೇಡಿಕೆ ಇಟ್ಟವರಿಗೆ ಹೇಳಿ ಕಳಿಸಿ. ರಿಷ್ತಾ ಮುರಿದರೆ ಹೆದರಬೇಡಿ, ಹಣಕ್ಕೆ ಬಂದದ್ದು ಹಣಕ್ಕೇ ಹೋಯಿತು. ಆ ಮನೆಯ ಜೊತೆ ನಿಲ್ಲುವುದು ಈ ಜಮಾಅತ್ತಿನ ಹೊಣೆ. ಆ ಮಗಳ ಮೇಲೆ ಒಂದು ಮಾತೂ ಬರದಂತೆ ಕಾಯುವುದು ನಮ್ಮೆಲ್ಲರ ಹೊಣೆ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ, ಸಾಲದ ಹೊರೆಯಿಂದ ಕಾಪಾಡಲಿ, ನಮ್ಮ ಹೆಣ್ಣುಮಕ್ಕಳಿಗೆ ಮಾನದ ಬಾಳು ಕರುಣಿಸಲಿ, ಬಡವರ ಪ್ರೀತಿಯನ್ನು ನಮ್ಮ ಎದೆಯಲ್ಲಿ ಇಡಲಿ. ಆಮೀನ್.