ಮಳೆಯ ಲೆಕ್ಕ ಮತ್ತು ಊರಿನ ಮಾತು
(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಹವಾಮಾನ ಬದಲಾವಣೆಯನ್ನು ಕುರಿತ ಭಿತ್ತಿಪತ್ರಗಳಲ್ಲಿ ಬಹುಕಾಲದಿಂದ ಕಾಣಿಸುವುದು ಕರಗುತ್ತಿರುವ ಹಿಮಗಡ್ಡೆ, ಅದರ ಮೇಲೊಂದು ಬಿಳಿಕರಡಿ. ಚಿತ್ರ ಸುಳ್ಳಲ್ಲ. ಆದರೆ ಕೊಳೆರೋಗ ತಗಲಿ ಉದುರಿದ ಅಡಿಕೆಯನ್ನು ತೋಟದಲ್ಲಿ ನೋಡುತ್ತ ನಿಂತ ಕೃಷಿಕನಿಗೆ ಆ ಕರಡಿ ಏನನ್ನೂ ಹೇಳಲಾರದು. ಮುಂಗಾರು ಬಲಿಯುವ ಮುನ್ನ ಒಮ್ಮೆ, ಸುಮಾರು ನಲವತ್ತು ದಿನಗಳ ಬಳಿಕ ಮತ್ತೊಮ್ಮೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸಲು ಅವನಿಗೆ ಬೇಕಾದುದು ಕೆಲವು ದಿನಗಳ ಹೊಳವು. ಆ ಹೊಳವು ಏಕೆ ದೊರೆಯಲಿಲ್ಲ ಎಂಬಲ್ಲಿಂದ ಮಾತು ತೊಡಗಿದರೆ ಅವನು ಕಿವಿಗೊಡುತ್ತಾನೆ.

ಇದು ಈ ಸೀಮೆಗೆ ಹೊಸ ಪಾಠವೇನಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತ ಬಳಿಕ ಅಪ್ಪಿಕೋ ಚಳವಳಿ ಊರಿಂದೂರಿಗೆ ಹಬ್ಬಿದ್ದು ಪಾದಯಾತ್ರೆ, ಬೀದಿನಾಟಕ, ಸ್ಲೈಡ್ ಪ್ರದರ್ಶನಗಳ ಮೂಲಕ. ಅಲ್ಲಿ ಚರ್ಚೆಗೆ ಬಂದದ್ದು ಬತ್ತುವ ತೊರೆ, ತೋಟಕ್ಕೆ ಬೇಕಾದ ಸೊಪ್ಪು.

ಮಳೆಯ ವಿಷಯದಲ್ಲಿ ಒಂದು ತೊಡಕಿದೆ. ನೆನಪು ನಂಬಿಕೆಗೆ ಅರ್ಹವಾದ ಮಾಪಕವಲ್ಲ. "ಹಿಂದೆಯೂ ಇಂಥ ಮಳೆ ಬಂದಿತ್ತು" ಎನ್ನುವ ಅಜ್ಜ, "ಮಳೆಗಾಲವೇ ಕೆಟ್ಟುಹೋಯಿತು" ಎನ್ನುವ ಮೊಮ್ಮಗ ಇಬ್ಬರೂ ಅಂದಾಜಿನಲ್ಲೇ ಮಾತಾಡುತ್ತಾರೆ. ಅಂದಾಜನ್ನು ತಿದ್ದಬಲ್ಲದ್ದು ಅಳತೆ ಮಾತ್ರ. ಕೊಡಗಿನ ಕಾಫಿ ಬೆಳೆಗಾರರು ಇದನ್ನು ಎಂದೋ ಅರಿತಿದ್ದರು. ಹೂಮಳೆ ಎಷ್ಟು ಬಿತ್ತೆಂಬುದನ್ನು ಅವರು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಹಲವು ಎಸ್ಟೇಟುಗಳಲ್ಲಿ ದಶಕಗಳ ಪುಸ್ತಕಗಳಿವೆ. ಹವಾಮಾನದ ಕುರಿತು ಊರವರೊಡನೆ ಮಾತಾಡಲು ಅದಕ್ಕಿಂತ ಒಳ್ಳೆಯ ಪಠ್ಯ ದೊರೆಯುವುದು ಕಷ್ಟ.

ಅಂಥ ಪುಸ್ತಕದ ಪಕ್ಕದಲ್ಲಿಟ್ಟಾಗ ವಿಜ್ಞಾನಿಗಳ ಮಾತಿಗೂ ಅರ್ಥ ಬರುತ್ತದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದಿಡಬಲ್ಲದು. ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ಅವಧಿಯಲ್ಲಿ ಮೂರು ಪಟ್ಟಾದವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವರ್ಷದ ಒಟ್ಟು ಮಳೆ ಅಷ್ಟೇ ಇದ್ದರೂ ಬೀಳುವ ಬಗೆ ಬದಲಾಗಬಹುದೆಂಬುದು ಇಲ್ಲಿನ ಮುಖ್ಯ ಸಂಗತಿ.

ಅಳತೆಯಿಂದ ಜೀವವೂ ಉಳಿಯಬಹುದು. ನೆರೆಯ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಕೃಷಿಕರ ನೆರವಿನಿಂದ ಜಿಲ್ಲೆಯ ತುಂಬ ಮಳೆಮಾಪಕಗಳ ಜಾಲವನ್ನು ಕಟ್ಟಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿಯುವ ಹಿಂದಿನ ದಿನವೇ ಈ ಜಾಲದ ಅಂಕಿಗಳನ್ನು ಆಧರಿಸಿ ಸಂಸ್ಥೆ ಎಚ್ಚರಿಕೆ ನೀಡಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಆದರೂ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅಳೆದವನ ಮಾತು ಇಳಿಜಾರಿನ ಕೆಳಗೆ ಮಲಗಿದವನನ್ನು ತಲುಪಿ, ಅವನು ಅದನ್ನು ನಂಬಿ ಎದ್ದು ಹೊರಡಬೇಕು. ಆ ನಂಬಿಕೆ ಒಂದು ರಾತ್ರಿಯಲ್ಲಿ ಹುಟ್ಟುವಂಥದ್ದಲ್ಲ.

ನಂಬಿಕೆ ಉಳಿಯಬೇಕಾದರೆ ಹೇಳುವವರು ಪ್ರಾಮಾಣಿಕರಾಗಿರಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲಗಳಲ್ಲಿ ಆದ ಕುಸಿತಕ್ಕೆ ಅತಿಮಳೆಯೊಂದೇ ಕಾರಣವಲ್ಲ. ರಸ್ತೆ, ಮನೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಭೂವಿಜ್ಞಾನಿಗಳು ಬೊಟ್ಟುಮಾಡಿದರು. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಗುಡ್ಡ ಕಡಿದವರು ಸುಲಭವಾಗಿ ಪಾರಾಗುತ್ತಾರೆ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ. ಆದರೆ ಮಲೆನಾಡಿನಲ್ಲಿ ಒಂದು ಗುಡ್ಡದ ಆಚೆಗೂ ಈಚೆಗೂ ಮಳೆ ಬೇರೆ. ಆದುದರಿಂದ ಶಾಲೆಗಳು ತಾವೇ ಅಳೆಯುವುದು ವ್ಯರ್ಥವಲ್ಲ. ಮರದ ನೆರಳಿಲ್ಲದ ಬಯಲಲ್ಲಿ ಮಾಪಕವನ್ನಿಟ್ಟು, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೋಡಿ, ಹಾಲಿನ ಡೈರಿಯ ಗೋಡೆಯ ಹಲಗೆಯ ಮೇಲೆ ಮಿಲಿಮೀಟರಿನಲ್ಲಿಯೂ ಇಂಚಿನಲ್ಲಿಯೂ ಬರೆಯಬಹುದು. ಪಕ್ಕದಲ್ಲಿ ಆರಿದ್ರ, ಪುನರ್ವಸು, ಪುಷ್ಯ ಎಂದು ಆಯಾ ಮಳೆಯ ಹೆಸರಿರಲಿ. ಹಿರಿಯರು ಓದುವುದು ಅದನ್ನೇ. ಹಾಲು ಹಾಕಲು ಬಂದವರು ಹಲಗೆಯ ಮುಂದೆ ನಿಂತು ವಾದಿಸತೊಡಗಿದರೆ ಕೆಲಸ ಆರಂಭವಾಯಿತೆಂದು ತಿಳಿಯಬಹುದು.